ಕಿವಿಯಿಂದ ಧ್ವನಿ ಅಳೆಯುವುದು: ಚಿಕಿತ್ಸಕರ ಅಂಕಗಳ ಹೊಂದಾಣಿಕೆಯನ್ನು ಪರೀಕ್ಷಿಸಿ ಸುಧಾರಿಸಲು ಸಮಗ್ರ ಮಾರ್ಗದರ್ಶಿ

ಗಂಟಲು ಕಟ್ಟಿದೆ ಎಂದು ಬಂದ ಶಿಕ್ಷಕಿಯೊಬ್ಬರ ಧ್ವನಿಯನ್ನು ಒಂದೇ ಚಿಕಿತ್ಸಾಲಯದ ಇಬ್ಬರು ವಾಕ್ ಚಿಕಿತ್ಸಕರು ಕೇಳಿ, ಒಬ್ಬರು ‘ಸೌಮ್ಯ’ ಎಂದೂ ಇನ್ನೊಬ್ಬರು ‘ಮಧ್ಯಮ’ ಎಂದೂ ಬರೆಯುವುದು ಅಪರೂಪವಲ್ಲ. ಅದಕ್ಕಿಂತಲೂ ಹೆಚ್ಚು ಯೋಚಿಸಬೇಕಾದದ್ದು, ಅದೇ ಚಿಕಿತ್ಸಕರಿಗೆ ಅದೇ ಧ್ವನಿಮುದ್ರಣವನ್ನು ಎರಡು ವಾರ ಬಿಟ್ಟು ಕೇಳಿಸಿದರೆ ಅವರು ತಮ್ಮದೇ ಹಿಂದಿನ ಅಂಕವನ್ನು ಒಪ್ಪದಿರಬಹುದು ಎಂಬುದು. ಚಿಕಿತ್ಸೆ ಫಲಿಸಿದೆಯೇ, ಶಸ್ತ್ರಚಿಕಿತ್ಸೆಯ ನಂತರ ಧ್ವನಿ ಸುಧಾರಿಸಿದೆಯೇ ಎಂಬ ನಿರ್ಣಯಗಳೆಲ್ಲ ಈ ಅಂಕಗಳ ಮೇಲೆಯೇ ನಿಂತಿರುವುದರಿಂದ, ಅಂಕ ಎಷ್ಟು ಅಲುಗಾಡುತ್ತದೆ ಎಂಬುದನ್ನು ಅರಿಯದೆ ಅದನ್ನು ಕಡತದಲ್ಲಿ ಬರೆಯುವುದು ಸರಿಯಲ್ಲ.

ಕಿವಿಯನ್ನು ನಂಬಲಾಗದು, ಕಂಪ್ಯೂಟರನ್ನೇ ನಂಬೋಣ ಎನ್ನುವವರ ವಾದವನ್ನು ನಾನು ಒಪ್ಪುವುದಿಲ್ಲ. ಧ್ವನಿ ಕೆಟ್ಟಿದೆ ಎಂದು ರೋಗಿಗೂ ಅವರ ಮನೆಯವರಿಗೂ ಮೊದಲು ತಿಳಿಸುವುದು ಕಿವಿಯೇ. ಕಂಪನದ ವೇಗವೂ ಬಲವೂ ಸುತ್ತಿನಿಂದ ಸುತ್ತಿಗೆ ಎಷ್ಟು ಏರುಪೇರಾಗುತ್ತವೆಂದು ಕಂಪ್ಯೂಟರ್ ಲೆಕ್ಕಹಾಕುವ ಜಿಟರ್, ಶಿಮರ್‌ನಂಥ ಅಳತೆಗಳು ಧ್ವನಿತಂತುಗಳ ಕಂಪನ ಹೆಚ್ಚುಕಡಿಮೆ ನಿಯತವಾಗಿದ್ದಾಗ ಮಾತ್ರ ಅರ್ಥಪೂರ್ಣ. ಕಂಪನ ತೀರ ಅಸ್ತವ್ಯಸ್ತವಾದ ಧ್ವನಿಯಲ್ಲಿ, ಅಂದರೆ ಅಳತೆ ನಿಜಕ್ಕೂ ಬೇಕಾದಲ್ಲಿಯೇ, ಅವು ಕೈಕೊಡುತ್ತವೆ. ಆದ್ದರಿಂದ ಕಿವಿಯನ್ನು ಬಿಟ್ಟುಕೊಡದೆ, ಅದನ್ನೇ ಒಂದು ಉಪಕರಣವೆಂದು ಬಗೆದು, ಅದರ ದೋಷವನ್ನು ಅಳೆದು ತಗ್ಗಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಇಬ್ಬರು ಮೂವರು ಚಿಕಿತ್ಸಕರಿರುವ ಸಣ್ಣ ಘಟಕದಲ್ಲಿಯೂ, ವಾಕ್-ಶ್ರವಣ ಪದವಿ ವಿದ್ಯಾರ್ಥಿಗಳ ತರಬೇತಿಯಲ್ಲಿಯೂ ಇದನ್ನು ನಡೆಸಬಹುದು.

ಹಂತ 1: ಪ್ರಶ್ನೆಯನ್ನು ಬಿಡಿಸಿಕೊಳ್ಳುವುದು

ಹೊಂದಾಣಿಕೆ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಸಂಗತಿಗಳಿವೆ. ಒಬ್ಬ ಚಿಕಿತ್ಸಕರು ಒಂದೇ ಧ್ವನಿಗೆ ಬೇರೆ ಬೇರೆ ದಿನ ಕೊಟ್ಟ ಅಂಕಗಳು ಎಷ್ಟು ಹೊಂದುತ್ತವೆ ಎಂಬುದು ಮೊದಲನೆಯದು. ಬೇರೆ ಬೇರೆ ಚಿಕಿತ್ಸಕರು ಒಂದೇ ಧ್ವನಿಗೆ ಕೊಟ್ಟ ಅಂಕಗಳು ಎಷ್ಟು ಹೊಂದುತ್ತವೆ ಎಂಬುದು ಎರಡನೆಯದು. ಸಾಮಾನ್ಯವಾಗಿ ಮೊದಲನೆಯದು ಎರಡನೆಯದಕ್ಕಿಂತ ಉತ್ತಮವಾಗಿರುತ್ತದೆ, ಏಕೆಂದರೆ ಪ್ರತಿಯೊಬ್ಬರಿಗೂ ತಮ್ಮದೇ ಒಂದು ಒಳಗಿನ ಅಳತೆಗೋಲು ಇರುತ್ತದೆ. ನಿಮ್ಮಲ್ಲಿ ಒಬ್ಬರೇ ರೋಗಿಯನ್ನು ಮೊದಲಿನಿಂದ ಕೊನೆಯವರೆಗೆ ನೋಡಿಕೊಳ್ಳುವುದಾದರೆ ಮೊದಲನೆಯದು ಮುಖ್ಯ. ಆರಂಭದ ಅಂಕ ಒಬ್ಬರದು, ಬಿಡುಗಡೆಯ ಅಂಕ ಇನ್ನೊಬ್ಬರದು ಎನ್ನುವ ವ್ಯವಸ್ಥೆಯಿದ್ದರೆ ಎರಡನೆಯದನ್ನು ಅಳೆಯದೆ ಗತ್ಯಂತರವಿಲ್ಲ.

ಇನ್ನೊಂದು ಎಚ್ಚರಿಕೆ ಇಲ್ಲಿಯೇ ಹೇಳಬೇಕು. ಎಲ್ಲರ ಅಂಕಗಳೂ ಹೊಂದಿದ ಮಾತ್ರಕ್ಕೆ ಕಾಯಿಲೆ ಯಾವುದೆಂದು ತಿಳಿದಂತಾಗುವುದಿಲ್ಲ. ಒರಟು ಧ್ವನಿ ಗಂಟಿನಿಂದ ಬಂದಿದೆಯೋ, ಊತದಿಂದ ಬಂದಿದೆಯೋ, ಗೆಡ್ಡೆಯಿಂದ ಬಂದಿದೆಯೋ ಎಂಬುದನ್ನು ಎಂಥ ಪಳಗಿದ ಕಿವಿಯೂ ಹೇಳಲಾರದು. ನಾಲ್ಕು ವಾರ ಕಳೆದರೂ ಸರಿಹೋಗದ ಗೊಗ್ಗರು ದನಿಗೆ ಕಿವಿ-ಮೂಗು-ಗಂಟಲು ತಜ್ಞರಿಂದ ಧ್ವನಿಪೆಟ್ಟಿಗೆಯ ದರ್ಶನ ಆಗಲೇಬೇಕು. ಧೂಮಪಾನ, ಕುತ್ತಿಗೆಯಲ್ಲಿ ಗಂಟು, ಉಸಿರಾಟದ ತೊಂದರೆ ಮುಂತಾದವು ಜೊತೆಗಿದ್ದರೆ ಅಷ್ಟು ದಿನವೂ ಕಾಯಬಾರದು.

ಹಂತ 2: ಅಳತೆಪಟ್ಟಿಯನ್ನು ಆರಿಸುವುದು

ಬಳಕೆಯಲ್ಲಿರುವ ಪಟ್ಟಿಗಳು ಮುಖ್ಯವಾಗಿ ಎರಡು. ಜಪಾನಿನ ವಾಕ್ ಮತ್ತು ಧ್ವನಿ ತಜ್ಞರ ಸಂಘದ ಸಮಿತಿಯೊಂದು ರೂಪಿಸಿ, ಮಿನೋರು ಹಿರಾನೊ ಅವರ 1981ರ ಕೃತಿಯಿಂದ ಜಗತ್ತಿನೆಲ್ಲೆಡೆ ಪರಿಚಿತವಾದ ಜಿಆರ್‌ಬಿಎಎಸ್ ಪಟ್ಟಿಯಲ್ಲಿ ಒಟ್ಟು ತೀವ್ರತೆ, ಒರಟುತನ, ಉಸಿರುಸೋರಿಕೆ, ನಿಶ್ಶಕ್ತಿ ಮತ್ತು ಬಿಗಿತ ಎಂಬ ಐದು ಗುಣಗಳಿಗೆ 0ಯಿಂದ 3ರವರೆಗೆ ಅಂಕ ಕೊಡಲಾಗುತ್ತದೆ. ಅಮೆರಿಕದ ವಾಕ್-ಶ್ರವಣ ಸಂಘದ ಆಶ್ರಯದಲ್ಲಿ 2002ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಸೇರಿದ ತಜ್ಞರ ಸಭೆಯಿಂದ ಹುಟ್ಟಿ, 2009ರಲ್ಲಿ ವಿವರವಾಗಿ ಪ್ರಕಟವಾದ ಕೇಪ್-ವಿ ಪಟ್ಟಿಯಲ್ಲಿ ಒಟ್ಟು ತೀವ್ರತೆ, ಒರಟುತನ, ಉಸಿರುಸೋರಿಕೆ, ಬಿಗಿತ, ಪಿಚ್ ಮತ್ತು ಗಟ್ಟಿತನ ಎಂಬ ಆರಕ್ಕೆ 100 ಮಿಲಿಮೀಟರ್ ಉದ್ದದ ಗೆರೆಯ ಮೇಲೆ ಗುರುತು ಹಾಕಬೇಕು.

ಮೊದಲನೆಯದು ಬೇಗ ಮುಗಿಯುತ್ತದೆ. ಜನದಟ್ಟಣೆಯ ಹೊರರೋಗಿ ವಿಭಾಗಕ್ಕೆ ಅದೇ ಹೊಂದುತ್ತದೆ. ಆದರೆ ನಾಲ್ಕೇ ಮೆಟ್ಟಿಲಿರುವುದರಿಂದ, ಚಿಕಿತ್ಸೆಯಿಂದ ಆದ ಸಣ್ಣ ಸುಧಾರಣೆ ಅಲ್ಲಿ ಕಾಣಿಸುವುದೇ ಇಲ್ಲ. ಎರಡನೆಯದರಲ್ಲಿ ಸಣ್ಣ ಬದಲಾವಣೆಯೂ ಕಾಣುತ್ತದೆ, ಜೊತೆಗೆ ಸುಮ್ಮನೆ ಆಗುವ ಅಲುಗಾಟವೂ ಕಾಣುತ್ತದೆ. ಚಿಕಿತ್ಸೆಯ ಫಲವನ್ನು ಅಳೆಯುವುದೇ ಉದ್ದೇಶವಾದರೆ ಕೇಪ್-ವಿ ಪಟ್ಟಿಯನ್ನೇ ಆರಿಸುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಅದನ್ನು ಮುದ್ರಿಸಿಕೊಳ್ಳುವವರು ಒಂದು ಸಣ್ಣ ವಿಷಯವನ್ನು ಗಮನಿಸಬೇಕು: ಪ್ರಿಂಟರಿನಲ್ಲಿ ‘ಪುಟಕ್ಕೆ ಹೊಂದಿಸು’ ಎಂಬ ಆಯ್ಕೆ ಇದ್ದರೆ, ಅಥವಾ ಜೆರಾಕ್ಸ್ ಪ್ರತಿಯಿಂದ ಮತ್ತೆ ಜೆರಾಕ್ಸ್ ಮಾಡಿಸಿದರೆ, 100 ಮಿ.ಮೀ. ಗೆರೆ ಕುಗ್ಗಿ 96 ಅಥವಾ 97 ಆಗಿಬಿಡುತ್ತದೆ. ಹೊಸ ಕಟ್ಟು ಬಂದಾಗಲೆಲ್ಲ ಮೊದಲ ಹಾಳೆಯ ಮೇಲೆ ಸ್ಕೇಲ್ ಇಟ್ಟು ನೋಡುವುದು ಅರ್ಧ ನಿಮಿಷದ ಕೆಲಸ.

ಹಂತ 3: ಗುಣಗಳ ವ್ಯಾಖ್ಯೆಯನ್ನು ಬರೆದಿಟ್ಟುಕೊಳ್ಳುವುದು

ಭಿನ್ನಾಭಿಪ್ರಾಯದ ದೊಡ್ಡ ಪಾಲು ಇಲ್ಲಿಂದಲೇ ಹುಟ್ಟುತ್ತದೆ. ಧ್ವನಿತಂತುಗಳಲ್ಲಿ ಗಂಟು ಇರುವವರ ಧ್ವನಿಯನ್ನೇ ತೆಗೆದುಕೊಳ್ಳಿ. ಗಂಟಿನ ಹಿಂದೆಯೂ ಮುಂದೆಯೂ ತಂತುಗಳು ಪೂರ್ತಿ ಕೂಡದೆ ಗಾಳಿ ಸೋರುತ್ತದೆ, ಅದು ಉಸಿರುಸೋರಿಕೆಯಾಗಿ ಕೇಳುತ್ತದೆ. ಗಂಟಿನ ತೂಕದಿಂದ ಕಂಪನ ಒಂದು ಸುತ್ತಿನಿಂದ ಇನ್ನೊಂದು ಸುತ್ತಿಗೆ ಏರುಪೇರಾಗುತ್ತದೆ, ಅದು ಒರಟುತನವಾಗಿ ಕೇಳುತ್ತದೆ. ಇವೆರಡನ್ನೂ ಮೀರಿ ಮಾತಾಡಲು ಆ ವ್ಯಕ್ತಿ ಗಂಟಲನ್ನು ಬಿಗಿಹಿಡಿಯುತ್ತಾರೆ, ಅದು ಬಿಗಿತವಾಗಿ ಕೇಳುತ್ತದೆ. ಮೂರೂ ಒಂದೇ ‘ಆ’ಕಾರದಲ್ಲಿ ಬೆರೆತು ಬರುವಾಗ, ಒಬ್ಬ ಚಿಕಿತ್ಸಕರು ಒರಟುತನಕ್ಕೆ 55, ಉಸಿರುಸೋರಿಕೆಗೆ 20 ಕೊಟ್ಟರೆ, ಇನ್ನೊಬ್ಬರು ಸರಿಯಾಗಿ ತಿರುವುಮುರುವು ಮಾಡಬಹುದು. ಇಬ್ಬರಿಗೂ ಕೇಳಿಸಿದ್ದು ಒಂದೇ. ಒಂದು ಗುಣವನ್ನು ಇನ್ನೊಂದರಿಂದ ಬೇರ್ಪಡಿಸುವಲ್ಲಿ ಅವರು ಬೇರೆ ದಾರಿ ಹಿಡಿದಿದ್ದಾರೆ. ಒಟ್ಟು ತೀವ್ರತೆಯ ಅಂಕದಲ್ಲಿ ಸಾಮಾನ್ಯವಾಗಿ ಹೊಂದಾಣಿಕೆ ಹೆಚ್ಚಿದ್ದು, ಬಿಗಿತದ ಅಂಕದಲ್ಲಿ ಕಡಿಮೆ ಇರುವುದು ಇದೇ ಕಾರಣಕ್ಕೆ: ಬಿಗಿತ ಎನ್ನುವಾಗ ನಾವು ಕೇಳಿದ ಸದ್ದಿನಿಂದ ಮಾತಾಡುವವರ ಶ್ರಮವನ್ನು ಊಹಿಸುತ್ತಿರುತ್ತೇವೆ.

ಅನುಭವ ಹೆಚ್ಚಾದಂತೆ ಇದು ತಾನೇ ಸರಿಹೋಗುತ್ತದೆ ಎಂಬ ನಂಬಿಕೆಗೆ ಆಧಾರ ಸಾಲದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲಿಸ್ ಕೇಂದ್ರದಲ್ಲಿ ಜೋಡಿ ಕ್ರೈಮನ್, ಬ್ರೂಸ್ ಗೆರಾಟ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತರಬೇತಿಯಿಲ್ಲದ ಕೇಳುಗರು ಧ್ವನಿಗಳನ್ನು ಹೋಲಿಸುವಾಗ ಹೆಚ್ಚುಕಡಿಮೆ ಒಂದೇ ರೀತಿ ವರ್ತಿಸಿದರೆ, ಅನುಭವಿ ಚಿಕಿತ್ಸಕರೇ ಒಬ್ಬೊಬ್ಬರು ಒಂದೊಂದು ಲಕ್ಷಣಕ್ಕೆ ಗಮನ ಕೊಟ್ಟು ಪರಸ್ಪರ ಭಿನ್ನರಾದರು. ದಿನವೂ ಗಂಟಲ ಕ್ಯಾನ್ಸರ್ ರೋಗಿಗಳ ಧ್ವನಿ ಕೇಳುವವರ ‘ಮಧ್ಯಮ’ವೂ, ಶಾಲಾ ಮಕ್ಕಳ ಧ್ವನಿ ಕೇಳುವವರ ‘ಮಧ್ಯಮ’ವೂ ಒಂದೇ ಆಗಿರಬೇಕೆಂದು ನಿರೀಕ್ಷಿಸುವುದು ತಪ್ಪು.

ಆದ್ದರಿಂದ ಮೊದಲ ಸಭೆಯಲ್ಲಿ ಅಂಕ ಹಾಕುವವರೆಲ್ಲ ಕುಳಿತು, ಪ್ರತಿ ಗುಣಕ್ಕೂ ಎರಡು ಮೂರು ವಾಕ್ಯಗಳ ವ್ಯಾಖ್ಯೆಯನ್ನು ಕನ್ನಡದಲ್ಲಿಯೇ ಬರೆದುಕೊಳ್ಳಬೇಕು. ಒರಟುತನವೆಂದರೆ ಧ್ವನಿಯ ಮೂಲದಲ್ಲಿ ಕೇಳುವ ಅನಿಯತತೆ. ಉಸಿರುಸೋರಿಕೆಯೆಂದರೆ ಧ್ವನಿಯ ಜೊತೆ ಕೇಳುವ ಗಾಳಿಯ ಸದ್ದು. ಬಿಗಿತವೆಂದರೆ ಅತಿಯಾದ ಶ್ರಮದ ಭಾಸ. ರೋಗಿಗಳು ಬಳಸುವ ಗೊಗ್ಗರು, ಕೀರಲು, ಒಡಕು ಎಂಬ ಮಾತುಗಳು ಈ ಗುಣಗಳಲ್ಲಿ ಯಾವುದಕ್ಕೂ ಸರಿಸಮ ಅಲ್ಲ; ಅವನ್ನು ರೋಗಿಯ ದೂರಾಗಿ ಬೇರೆಯೇ ದಾಖಲಿಸಬೇಕು.

ಹಂತ 4: ಏನನ್ನು ಮಾತಾಡಿಸಬೇಕು, ಹೇಗೆ ಮುದ್ರಿಸಬೇಕು

ದೀರ್ಘ ಸ್ವರವೊಂದೇ ಸಾಲದು, ಬರಿಯ ಮಾತೂ ಸಾಲದು. ‘ಆ’ ಮತ್ತು ‘ಈ’ ಸ್ವರಗಳನ್ನು ಮೂರರಿಂದ ಐದು ಸೆಕೆಂಡು, ಮೂರು ಮೂರು ಬಾರಿ ಹೇಳಿಸಬೇಕು. ಗೊತ್ತುಮಾಡಿದ ಆರು ವಾಕ್ಯಗಳನ್ನು ಓದಿಸಬೇಕು. ಕನಿಷ್ಠ ಇಪ್ಪತ್ತು ಸೆಕೆಂಡು ಸಹಜವಾಗಿ ಮಾತಾಡಿಸಬೇಕು. ಸ್ವರವನ್ನು ಕತ್ತರಿಸುವಾಗ ಆರಂಭ ಮತ್ತು ಅಂತ್ಯವನ್ನು ಬಿಸಾಡಬಾರದು, ಏಕೆಂದರೆ ಧ್ವನಿ ಹೊರಡುವ ಕ್ಷಣದ ತೊಡಕು ಅಲ್ಲಿಯೇ ಕೇಳುವುದು.

ಕೇಪ್-ವಿಯ ವಾಕ್ಯಗಳು ಇಂಗ್ಲಿಷಿನ ಧ್ವನಿಗಳಿಗೆ ತಕ್ಕಂತೆ ರಚಿತವಾದವು. ಅವುಗಳ ಅರ್ಥವನ್ನು ಕನ್ನಡಕ್ಕೆ ತಂದರೆ ಉದ್ದೇಶವೇ ಹಾಳಾಗುತ್ತದೆ. ಉಳಿಸಿಕೊಳ್ಳಬೇಕಾದದ್ದು ಪ್ರತಿ ವಾಕ್ಯದ ಕೆಲಸವನ್ನು. ಮೊದಲನೆಯದರಲ್ಲಿ ಭಾಷೆಯ ಮುಖ್ಯ ಸ್ವರಗಳೆಲ್ಲ ಬರಬೇಕು. ಅದನ್ನು ರಚಿಸುವುದು ಸುಲಭ. ಪೂರ್ತಿ ಘೋಷ ಧ್ವನಿಗಳಿಂದಾದ ವಾಕ್ಯಕ್ಕೆ ‘ಮಾವಿನ ಮರದ ಎಲೆಗಳು ಗಾಳಿಗೆ ಅಲುಗಿದವು’ ಎಂಬುದು ನಡೆಯುತ್ತದೆ. ಇಲ್ಲಿ ಧ್ವನಿ ಎಲ್ಲಿಯೂ ನಿಲ್ಲಬೇಕಾಗಿಲ್ಲ, ಆದ್ದರಿಂದ ನಡುವೆ ಬಿಗಿದು ತಡೆದರೆ ತಕ್ಷಣ ಕೇಳುತ್ತದೆ. ಅಘೋಷ ಸ್ಪರ್ಶಗಳು ತುಂಬಿರುವ ‘ಕಪ್ಪು ಪಟ್ಟೆಯ ಚಿಟ್ಟೆ ಪುಟ್ಟ ಕೈ ತಟ್ಟಿತು’ ಎಂಬ ವಾಕ್ಯದಲ್ಲಿ ಧ್ವನಿ ಮತ್ತೆ ಮತ್ತೆ ನಿಂತು ಹೊರಡಬೇಕು. ಧ್ವನಿತಂತುಗಳು ಹಿಡಿದುಕೊಳ್ಳುವ ಬಗೆಯ ಸೆಳವಿನ ಕಾಯಿಲೆ ಮೊದಲ ವಾಕ್ಯದಲ್ಲಿಯೂ, ತೆರೆದುಕೊಂಡುಬಿಡುವ ಬಗೆಯದು ಎರಡನೆಯದರಲ್ಲಿಯೂ ಹೆಚ್ಚು ಎದ್ದುಕಾಣುತ್ತದೆ. ಅನುನಾಸಿಕಗಳಿಗೆ ‘ನಮ್ಮ ಮನೆ ಮುಂದೆ ನಿಂಗಮ್ಮನ ಮೊಮ್ಮಗ ನಿಂತ’ ಎಂದರಾಯಿತು.

ಕನ್ನಡದಲ್ಲಿ ತೊಡಕಾಗುವುದು ಉಳಿದೆರಡು. ಸ್ವರದಿಂದ ಶುರುವಾಗುವ ಪದಗಳಲ್ಲಿ ಗಂಟಲು ಬಿಗಿಹಿಡಿದು ಧ್ವನಿ ಹೊರಡಿಸುತ್ತಾರೆಯೇ ಎಂದು ನೋಡುವ ವಾಕ್ಯಕ್ಕೆ ‘ಎ’, ‘ಇ’ಗಳಿಂದ ಶುರುವಾಗುವ ಪದಗಳನ್ನು ಆರಿಸಬಾರದು, ಆಡುಮಾತಿನಲ್ಲಿ ‘ಎಲ್ಲಿ’ ಎಂಬುದು ‘ಯೆಲ್ಲಿ’ ಆಗುವಂತೆ ಅಲ್ಲೊಂದು ಯಕಾರ ಮೆಲ್ಲಗೆ ಸೇರಿಕೊಂಡು ಬಿಗಿಹಿಡಿತವನ್ನು ಮುಚ್ಚುತ್ತದೆ. ‘ಅ’, ‘ಆ’ಗಳೇ ಬೇಕು, ಅದೂ ಪದಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ನಿಲುಗಡೆ ಇರಬೇಕು: ‘ಅಜ್ಜಿ, ಅತ್ತೆ, ಅಕ್ಕ, ಅಣ್ಣ, ಆಮೇಲೆ ಅಪ್ಪ.’ ಹಕಾರದ ವಾಕ್ಯ, ಉದಾಹರಣೆಗೆ ‘ಹಳ್ಳಿಯ ಹುಡುಗ ಹಸುವಿನ ಹಾಲು ಹಿಡಿದು ಹೊರಟ’ ಎಂಬುದು, ಮನೆಮಾತಿನಲ್ಲಿ ‘ಆಲು’, ‘ಅಸು’ ಎನ್ನುವವರಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅಂಥವರಿಗೆ ತಿದ್ದಿ ಹೇಳಿಸುವುದಕ್ಕಿಂತ ಆ ವಾಕ್ಯವನ್ನು ಬಿಟ್ಟುಬಿಡುವುದೇ ಲೇಸು, ಏಕೆಂದರೆ ತಿದ್ದಿಸಿಕೊಂಡು ಓದುವ ಧ್ವನಿ ಅವರ ನಿತ್ಯದ ಧ್ವನಿಯಲ್ಲ. ಓದು ಬಾರದವರಿಗೆ ಹೇಳಿಕೊಡುವಾಗಲೂ ಇದೇ ಅಪಾಯವಿದೆ. ಹೇಳಿಕೊಡುವವರ ಪಿಚ್ಚನ್ನೇ ಅವರು ಅನುಕರಿಸುತ್ತಾರೆ. ಅವರ ವಿಷಯದಲ್ಲಿ ಸಹಜ ಮಾತಿಗೆ ಹೆಚ್ಚು ತೂಕ ಕೊಡಬೇಕು.

ಮುದ್ರಣ ಶಾಂತವಾದ ಕೋಣೆಯಲ್ಲಿ ಆಗಬೇಕು. ಫ್ಯಾನ್, ಎಸಿ ಎರಡೂ ನಿಂತಿರಬೇಕು. ಬಾಯಿಂದ ನಾಲ್ಕರಿಂದ ಹತ್ತು ಸೆಂಟಿಮೀಟರ್ ದೂರದಲ್ಲಿ, ಉಸಿರು ನೇರ ಬಡಿಯದಂತೆ ಓರೆಯಾಗಿ ನಿಲ್ಲುವ ತಲೆಗೆ ತೊಡುವ ಮೈಕ್ ಉತ್ತಮ. 44.1 ಕಿಲೋಹರ್ಟ್ಸ್, 16 ಬಿಟ್, ವೇವ್ ಕಡತ. ವಾಟ್ಸ್‌ಆ್ಯಪ್ ಧ್ವನಿಸಂದೇಶವಾಗಿ ಬಂದ ಮಾದರಿಯನ್ನು ಈ ಕೆಲಸಕ್ಕೆ ಬಳಸಬಾರದು: ಸಂಕುಚನದಲ್ಲಿ ನಷ್ಟವಾಗುವುದರಲ್ಲಿ ಉಸಿರುಸೋರಿಕೆಯನ್ನು ಕೇಳಿಸುವ ಮೇಲಿನ ಆವರ್ತನದ ಗಾಳಿಸದ್ದೂ ಸೇರಿರಬಹುದು. ಮೊಬೈಲಿನ ಗದ್ದಲ ತಗ್ಗಿಸುವ ಸೌಲಭ್ಯವೂ ಹಾಗೆಯೇ, ರೋಗಲಕ್ಷಣವನ್ನೇ ಗದ್ದಲವೆಂದು ಒರೆಸಿಹಾಕಬಲ್ಲದು.

ಹಂತ 5: ಮಾದರಿಗಳ ಕಟ್ಟು ಸಿದ್ಧಪಡಿಸುವುದು

ಕನಿಷ್ಠ 30 ಧ್ವನಿಗಳು, ಅಂಕ ಹಾಕಲು ಕನಿಷ್ಠ ಮೂವರು ಎಂಬುದು ಅಂಕಿಅಂಶದ ದೃಷ್ಟಿಯಿಂದ ಒಪ್ಪಿತ ಕೆಳಮಿತಿ. ಇಬ್ಬರೇ ಇದ್ದರೆ ನಿಲ್ಲಿಸಬೇಕಾಗಿಲ್ಲ, ಫಲಿತಾಂಶವನ್ನು ಅಷ್ಟು ಗಟ್ಟಿಯಾಗಿ ಹೇಳದಿದ್ದರಾಯಿತು. ಎಂಥ ಧ್ವನಿಗಳನ್ನು ಆರಿಸುತ್ತೀರಿ ಎಂಬುದು ಫಲಿತಾಂಶವನ್ನು ಬಹಳ ಮಟ್ಟಿಗೆ ಮೊದಲೇ ನಿರ್ಧರಿಸಿಬಿಡುತ್ತದೆ. ಹದಿನೈದು ಆರೋಗ್ಯವಂತ ಧ್ವನಿ, ಹದಿನೈದು ತೀರ ಕೆಟ್ಟ ಧ್ವನಿ ಇಟ್ಟರೆ ಎಲ್ಲರ ಅಂಕವೂ ಸೊಗಸಾಗಿ ಹೊಂದುತ್ತದೆ, ಏಕೆಂದರೆ ಎರಡು ತುದಿಗಳಲ್ಲಿ ತಪ್ಪುವುದು ಕಷ್ಟ. ಕೇಳುಗರು ಅತಿ ಹೆಚ್ಚು ಭಿನ್ನರಾಗುವುದು ಪಟ್ಟಿಯ ನಡುವಿನಲ್ಲಿ, ಮತ್ತು ಚಿಕಿತ್ಸೆಗೆ ಬರುವವರ ಧ್ವನಿಗಳು ಬಹುಪಾಲು ಇರುವುದೂ ಅಲ್ಲಿಯೇ. ನಿಮ್ಮಲ್ಲಿಗೆ ಸಾಮಾನ್ಯವಾಗಿ ಬರುವ ರೋಗಿಗಳ ಹಂಚಿಕೆ ಹೇಗಿದೆಯೋ ಮಾದರಿಗಳ ಹಂಚಿಕೆಯೂ ಹಾಗಿರಬೇಕು.

ಹೆಸರು, ವಯಸ್ಸು, ರೋಗನಿರ್ಣಯ, ಚಿಕಿತ್ಸೆಗೆ ಮುಂಚಿನದೋ ನಂತರದ್ದೋ ಎಂಬ ಯಾವ ಸುಳಿವೂ ಕಡತದ ಹೆಸರಿನಲ್ಲಿ ಇರಕೂಡದು. ಸಹಜ ಮಾತಿನಲ್ಲಿ ‘ಆಪರೇಷನ್ ಆದಮೇಲೆ ಪರವಾಗಿಲ್ಲ’ ಎಂದು ರೋಗಿಯೇ ಹೇಳಿಬಿಟ್ಟಿರುತ್ತಾರೆ. ಅಂಥ ಭಾಗವನ್ನು ಕತ್ತರಿಸಬೇಕು. ಮುದ್ರಣವನ್ನು ತರಬೇತಿ ಮತ್ತು ಪರೀಕ್ಷೆಗೆ ಬಳಸಲು ರೋಗಿಯ ಲಿಖಿತ ಒಪ್ಪಿಗೆ ಇರಲೇಬೇಕು, ಏಕೆಂದರೆ ಹೆಸರು ಅಳಿಸಿದರೂ ಧ್ವನಿ ಗುರುತು ಹಿಡಿಸುತ್ತದೆ.

ಸುಮಾರು ಐದರಲ್ಲಿ ಒಂದು ಪಾಲಿನ ಮಾದರಿಗಳನ್ನು ಬೇರೆ ಸಂಖ್ಯೆ ಕೊಟ್ಟು ಮತ್ತೊಮ್ಮೆ ಸೇರಿಸಬೇಕು. ತಮ್ಮೊಂದಿಗೇ ಹೊಂದಾಣಿಕೆ ಗೊತ್ತಾಗುವುದು ಇವುಗಳಿಂದ. ಪ್ರತಿಯೊಬ್ಬರಿಗೂ ಬೇರೆ ಬೇರೆ ಯಾದೃಚ್ಛಿಕ ಕ್ರಮ ಇರಬೇಕು. ತೀರ ಒರಟಾದ ಧ್ವನಿಯ ಬೆನ್ನಿಗೇ ಬಂದ ಮಧ್ಯಮ ಧ್ವನಿ ಸೌಮ್ಯವಾಗಿ ಕೇಳುತ್ತದೆ. ಎಲ್ಲರೂ ಒಂದೇ ಕ್ರಮದಲ್ಲಿ ಕೇಳಿದರೆ ಎಲ್ಲರೂ ಒಟ್ಟಿಗೆ ತಪ್ಪುತ್ತಾರೆ, ಆ ತಪ್ಪು ಲೆಕ್ಕದಲ್ಲಿ ಹೊಂದಾಣಿಕೆಯಾಗಿ ಕಾಣುತ್ತದೆ. ಗಟ್ಟಿತನ ಸಮನಾಗಿರಲೆಂದು ಎಲ್ಲ ಕಡತಗಳ ಮಟ್ಟವನ್ನು ಒಂದಕ್ಕೆ ತಂದಿದ್ದರೆ, ಆ ಕಟ್ಟಿನಲ್ಲಿ ಗಟ್ಟಿತನಕ್ಕೆ ಅಂಕ ಕೇಳಬಾರದು.

ಹಂತ 6: ಆಧಾರ ಮಾದರಿಗಳು ಮತ್ತು ತರಬೇತಿ

ಇಡೀ ಕ್ರಮದಲ್ಲಿ ಅತಿ ಹೆಚ್ಚು ಫಲ ಕೊಡುವ ಹಂತ ಇದೆಂದು ನಾನು ಭಾವಿಸುತ್ತೇನೆ. ಒಳಗಿನ ಅಳತೆಗೋಲು ದಿನದಿಂದ ದಿನಕ್ಕೆ, ಒಂದೇ ಕೂತದಲ್ಲಿಯೂ (ಒಮ್ಮೆ ಕುಳಿತು ಕೇಳುವ ಅವಧಿಯಲ್ಲಿಯೂ) ಸಹ, ಸರಿಯುತ್ತಿರುತ್ತದೆ. ಅದನ್ನು ತಡೆಯಲು ಹೊರಗೊಂದು ಸ್ಥಿರವಾದ ಗೋಲು ಬೇಕು. ಗೆರಾಟ್ ಮತ್ತು ಸಂಗಡಿಗರು 1993ರಲ್ಲಿಯೇ, ಕೇಳುಗರಿಗೆ ಹೊರಗಿನ ಆಧಾರ ಧ್ವನಿಗಳನ್ನು ಒದಗಿಸಿದಾಗ ಅಂಕಗಳು ಹೆಚ್ಚು ಹೊಂದುತ್ತವೆಂದು ತೋರಿಸಿದರು. ಹಾಂಗ್‌ಕಾಂಗ್‌ನಲ್ಲಿ ಚಾನ್ ಮತ್ತು ಯೂ 2002ರಲ್ಲಿ ಆಧಾರ ಧ್ವನಿಗಳ ಜೊತೆ ತರಬೇತಿಯನ್ನೂ ಕೊಟ್ಟು ಇದೇ ದಿಕ್ಕಿನ ಫಲಿತಾಂಶ ಕಂಡರು.

ಒರಟುತನ, ಉಸಿರುಸೋರಿಕೆ, ಬಿಗಿತ ಪ್ರತಿಯೊಂದಕ್ಕೂ ಸೌಮ್ಯ, ಮಧ್ಯಮ, ತೀವ್ರ ಎಂದು ಮೂರು ಧ್ವನಿ, ಅದೂ ಗಂಡು ಹೆಣ್ಣು ಇಬ್ಬರದ್ದೂ, ಆರಿಸಬೇಕು. ಒಂದು ಗುಣ ಎದ್ದು ಕೇಳಿ ಉಳಿದವು ಆದಷ್ಟು ಕಡಿಮೆಯಿರುವ ಮಾದರಿ ಸಿಗುವುದು ಸುಲಭವಲ್ಲ. ಸಿಕ್ಕಾಗ ಜೋಪಾನ ಮಾಡಬೇಕು. ಪ್ರತಿ ಆಧಾರ ಮಾದರಿಯ ಅಂಕವನ್ನು ಹಿರಿಯರೊಬ್ಬರು ಘೋಷಿಸಬಾರದು. ಎಲ್ಲರೂ ಬೇರೆ ಬೇರೆ ಕುಳಿತು ಅಂಕ ಹಾಕಿ, ಮಧ್ಯಾಂಕವನ್ನು ತೆಗೆದುಕೊಳ್ಳಬೇಕು. ನಮ್ಮಲ್ಲಿ ಹಿರಿಯರು ಒಮ್ಮೆ ‘ಇದು ಮಧ್ಯಮವೇ’ ಎಂದರೆ ಕಿರಿಯರ ಪೆನ್ನು ಅದರಾಚೆ ಹೋಗುವುದಿಲ್ಲ, ಆಗ ಬರುವ ಹೊಂದಾಣಿಕೆ ಕಿವಿಗಳದ್ದಲ್ಲ.

ತರಬೇತಿಯ ಕೂತದಲ್ಲಿ ಹತ್ತು ಹದಿನೈದು ಧ್ವನಿ ಕೇಳಿ, ಪ್ರತಿಯೊಂದಕ್ಕೂ ಮೌನವಾಗಿ ಅಂಕ ಬರೆದು, ಆಮೇಲೆ ಹಾಳೆಗಳನ್ನು ಒಟ್ಟಿಗೆ ಮೇಜಿನ ಮೇಲಿಟ್ಟು ಚರ್ಚಿಸಬೇಕು. ಚರ್ಚೆ ‘ಎಷ್ಟು ಅಂಕ’ ಎಂಬುದರ ಬದಲು ‘ಏನು ಕೇಳಿಸಿತು, ಯಾವ ಪದದಲ್ಲಿ ಕೇಳಿಸಿತು’ ಎಂಬುದರ ಮೇಲೆ ನಡೆದರೆ ಎರಡನೆಯ ಕೂತಕ್ಕೇ ವ್ಯತ್ಯಾಸ ಕಾಣತೊಡಗುತ್ತದೆ.

ಹಂತ 7: ಅಂಕ ಹಾಕುವ ಕೂತ

ಅಂಕ ಹಾಕುವವರ ಶ್ರವಣವನ್ನು ಮೊದಲು ತಪಾಸಣೆ ಮಾಡಬೇಕು. ಆಡಿಯೋಮೀಟರ್ ಪಕ್ಕದ ಕೋಣೆಯಲ್ಲಿಯೇ ಇದ್ದರೂ ಯಾರೂ ಮಾಡಿಸಿಕೊಳ್ಳುವುದಿಲ್ಲ. ಎಲ್ಲರಿಗೂ ಒಂದೇ ಬಗೆಯ ಮುಚ್ಚಿದ ಹೆಡ್‌ಫೋನ್, ಒಂದೇ ಮಟ್ಟದ ಸದ್ದು. ಮೊದಲ ನಾಲ್ಕೈದು ಮಾದರಿ ಅಭ್ಯಾಸಕ್ಕೆ. ಅವನ್ನು ಲೆಕ್ಕಕ್ಕೆ ತರಬಾರದು. ಪ್ರತಿ ಧ್ವನಿಯನ್ನು ಬೇಕಾದಷ್ಟು ಸಲ ಕೇಳಬಹುದು, ಆಧಾರ ಮಾದರಿಗಳಿಗೆ ಹಿಂತಿರುಗಬಹುದು, ಆದರೆ ಹಿಂದಿನ ಧ್ವನಿಗೆ ಹಾಕಿದ ಅಂಕವನ್ನು ತಿದ್ದಬಾರದು. ಒಂದೇ ಸಲಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಕೂರುವುದು ಬೇಡ. ಎಲ್ಲ ಧ್ವನಿಗಳಿಗೂ ಮೊದಲು ಒರಟುತನ, ಆಮೇಲೆ ಎಲ್ಲಕ್ಕೂ ಉಸಿರುಸೋರಿಕೆ ಎಂದು ಗುಣವಾರು ಅಂಕ ಹಾಕಿದರೆ, ಒಂದು ಗುಣದ ಅಂಕ ಇನ್ನೊಂದಕ್ಕೆ ಅಂಟಿಕೊಳ್ಳುವುದು ಕಡಿಮೆಯಾಗುತ್ತದೆ, ಸಮಯ ಮಾತ್ರ ಹೆಚ್ಚು ಹಿಡಿಯುತ್ತದೆ.

ಹಂತ 8: ಲೆಕ್ಕ

ಇಬ್ಬರ ಅಂಕಗಳ ಸಹಸಂಬಂಧವನ್ನು (ಒಬ್ಬರ ಅಂಕ ಏರಿಳಿದಂತೆ ಇನ್ನೊಬ್ಬರದೂ ಎಷ್ಟು ಏರಿಳಿಯುತ್ತದೆ ಎಂಬುದನ್ನು) ಮಾತ್ರ ಲೆಕ್ಕಹಾಕಿ ಹೊಂದಾಣಿಕೆ ಚೆನ್ನಾಗಿದೆ ಎನ್ನುವುದು ಅತಿ ಸಾಮಾನ್ಯ ತಪ್ಪು. ಒಬ್ಬರು ಮೂರು ಧ್ವನಿಗಳಿಗೆ 20, 35, 50 ಕೊಟ್ಟು ಇನ್ನೊಬ್ಬರು 35, 50, 65 ಕೊಟ್ಟರೆ ಸಹಸಂಬಂಧ ಪೂರ್ತಿ 1 ಬರುತ್ತದೆ, ಆದರೆ ಒಂದು ಧ್ವನಿಯಲ್ಲಿಯೂ ಅವರು ಒಪ್ಪಿಲ್ಲ.

100 ಮಿ.ಮೀ. ಗೆರೆಯ ಅಂಕಗಳಿಗೆ ಐಸಿಸಿ (ಇಂಟ್ರಾಕ್ಲಾಸ್ ಕೋರಿಲೇಷನ್ ಕೋಎಫಿಶಿಯೆಂಟ್; 1ಕ್ಕೆ ಹತ್ತಿರವಾದಷ್ಟೂ ಹೊಂದಾಣಿಕೆ ಹೆಚ್ಚು) ಎಂಬ ಗುಣಾಂಕವನ್ನು, ಅದರಲ್ಲಿಯೂ ಪೂರ್ಣ ಒಪ್ಪಿಗೆಯನ್ನು ಅಳೆಯುವ ರೂಪವನ್ನು ಬಳಸಬೇಕು. ಶ್ರೌಟ್ ಮತ್ತು ಫ್ಲೈಸ್ 1979ರಲ್ಲಿ ಇದರ ಆರು ರೂಪಗಳನ್ನು ವಿವರಿಸಿದರು. ಯಾವುದನ್ನು ಬಳಸಿದಿರಿ ಎಂದು ಹೇಳದ ಐಸಿಸಿಗೆ ಬೆಲೆಯಿಲ್ಲ. ನಿತ್ಯದ ಕೆಲಸದಲ್ಲಿ ಒಬ್ಬರೇ ಅಂಕ ಹಾಕುವುದಾದರೆ ಒಬ್ಬರ ಅಂಕದ ಐಸಿಸಿಯನ್ನೇ ನೋಡಬೇಕು. ಮೂವರ ಸರಾಸರಿಯ ಐಸಿಸಿ ಯಾವಾಗಲೂ ದೊಡ್ಡದಾಗಿ ಕಾಣುತ್ತದೆ. ಅದನ್ನು ತೋರಿಸಿ ಒಬ್ಬರಿಂದ ಕೆಲಸ ಮಾಡಿಸುವುದು ವಂಚನೆಗೆ ಹತ್ತಿರದ್ದು. 2016ರಲ್ಲಿ ಕೂ ಮತ್ತು ಲೀ ಸೂಚಿಸಿದ ಮಿತಿಗಳ ಪ್ರಕಾರ 0.5ಕ್ಕಿಂತ ಕಡಿಮೆ ಕಳಪೆ, 0.75ರವರೆಗೆ ಸಾಧಾರಣ, 0.9ರವರೆಗೆ ಒಳ್ಳೆಯದು, ಅದರ ಮೇಲೆ ಅತ್ಯುತ್ತಮ. ಒಂದೇ ಸಂಖ್ಯೆಯನ್ನಲ್ಲ, ಅದರ 95 ಪ್ರತಿಶತ ವ್ಯಾಪ್ತಿಯನ್ನು (ನಿಜವಾದ ಮೌಲ್ಯ ಎಲ್ಲಿಂದ ಎಲ್ಲಿಯವರೆಗೆ ಇರಬಹುದೆಂಬ ಅಂದಾಜನ್ನು) ಈ ಮಿತಿಗಳ ಜೊತೆ ಹೋಲಿಸಬೇಕು. ಉಚಿತವಾಗಿ ಸಿಗುವ ‘ಆರ್’ ತಂತ್ರಾಂಶದಲ್ಲಿ ಇದು ಒಂದೆರಡು ಸಾಲಿನ ಕೆಲಸ.

ಜಿಆರ್‌ಬಿಎಎಸ್ ಅಂಕಗಳಿಗೆ ತೂಕದ ಕಪ್ಪಾ, ಅಂದರೆ ಆಕಸ್ಮಿಕವಾಗಿ ಬರುವ ಒಪ್ಪಿಗೆಯನ್ನು ಕಳೆದು ಹೊಂದಾಣಿಕೆಯನ್ನು ಅಳೆಯುವ ಗುಣಾಂಕ, ಹೊಂದುತ್ತದೆ. 1 ಮತ್ತು 2ರ ನಡುವಿನ ಭಿನ್ನತೆಯನ್ನು 0 ಮತ್ತು 3ರ ಭಿನ್ನತೆಯಷ್ಟೇ ಗಂಭೀರವೆಂದು ಅದು ಎಣಿಸುವುದಿಲ್ಲ. ಶೇಕಡಾವಾರು ಒಪ್ಪಿಗೆಯನ್ನು ಮಾತ್ರ ನೋಡಿದರೆ ಹೇಗೆ ಮೋಸಹೋಗುತ್ತೇವೆಂಬುದಕ್ಕೆ ಒಂದು ಲೆಕ್ಕ: 40 ಧ್ವನಿಗಳಲ್ಲಿ ಬಿಗಿತ ಇದೆಯೋ ಇಲ್ಲವೋ ಎಂದಷ್ಟೇ ಇಬ್ಬರು ಗುರುತಿಸುತ್ತಾರೆ. 35ಕ್ಕೆ ಇಬ್ಬರೂ ‘ಇಲ್ಲ’, ಒಂದಕ್ಕೆ ಇಬ್ಬರೂ ‘ಇದೆ’. ಎರಡಕ್ಕೆ ಮೊದಲನೆಯವರು ಮಾತ್ರ ‘ಇದೆ’, ಇನ್ನೆರಡಕ್ಕೆ ಎರಡನೆಯವರು ಮಾತ್ರ ‘ಇದೆ’ ಎನ್ನುತ್ತಾರೆ. ಒಪ್ಪಿಗೆ 90 ಪ್ರತಿಶತ. ಆದರೆ ಇಬ್ಬರೂ ಬಹುತೇಕ ಎಲ್ಲಕ್ಕೂ ‘ಇಲ್ಲ’ ಎಂದಿರುವುದರಿಂದ ಆಕಸ್ಮಿಕವಾಗಿಯೇ 86 ಪ್ರತಿಶತ ಒಪ್ಪಿಗೆ ಬರುತ್ತಿತ್ತು. ಅದನ್ನು ಕಳೆದಾಗ ಕಪ್ಪಾ ಸುಮಾರು 0.28 ಮಾತ್ರ. ಬಿಗಿತವಿದೆ ಎಂದು ಕನಿಷ್ಠ ಒಬ್ಬರು ಹೇಳಿದ ಐದು ಧ್ವನಿಗಳಲ್ಲಿ ಅವರು ಒಪ್ಪಿದ್ದು ಒಂದನ್ನೇ ಅಲ್ಲವೇ?

ಕೊನೆಗೆ, ಒಟ್ಟು ಸಂಖ್ಯೆ ಎಷ್ಟೇ ಚೆನ್ನಾಗಿದ್ದರೂ, 30ರಿಂದ 70 ಮಿ.ಮೀ. ನಡುವಿನ ಧ್ವನಿಗಳನ್ನು ಬೇರೆ ತೆಗೆದು ಅವುಗಳಲ್ಲಿ ಇಬ್ಬಿಬ್ಬರ ನಡುವಿನ ಸರಾಸರಿ ಅಂತರ ಎಷ್ಟು ಮಿಲಿಮೀಟರ್ ಎಂದು ನೋಡಬೇಕು. ಐಸಿಸಿ ಹೇಳದ ಸತ್ಯ ಅಲ್ಲಿರುತ್ತದೆ.

ಹಂತ 9: ಸಂಖ್ಯೆಯನ್ನು ಚಿಕಿತ್ಸೆಗೆ ತರುವುದು

ಐಸಿಸಿ 0.75 ಬಂತು, ‘ಒಳ್ಳೆಯದು’ ಎಂದು ಕಡತ ಮುಚ್ಚುವವರು ಮುಂದಿನ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು. ಅಂಕಗಳ ಮಾನಕ ವಿಚಲನೆ (ಅವು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) 20 ಮಿ.ಮೀ. ಇದ್ದರೆ, ಒಂದು ಅಂಕದಲ್ಲಿರುವ ಅಳತೆಯ ದೋಷ 20ನ್ನು (1−0.75)ರ ವರ್ಗಮೂಲದಿಂದ ಗುಣಿಸಿದಾಗ ಬರುವ 10 ಮಿ.ಮೀ. ಎರಡು ಅಂಕಗಳ ನಡುವೆ ನಿಜವಾದ ಬದಲಾವಣೆ ಆಗಿದೆ ಎಂದು 95 ಪ್ರತಿಶತ ಭರವಸೆಯಿಂದ ಹೇಳಲು ಅಂತರ 1.96 × 1.41 × 10, ಅಂದರೆ ಸುಮಾರು 28 ಮಿ.ಮೀ. ಮೀರಬೇಕು. ಆರಂಭದಲ್ಲಿ ಒಬ್ಬರು 58 ಕೊಟ್ಟು, ಎಂಟು ವಾರದ ಚಿಕಿತ್ಸೆಯ ನಂತರ ಇನ್ನೊಬ್ಬರು 38 ಕೊಟ್ಟರೆ, ಆ 20 ಮಿ.ಮೀ. ಸುಧಾರಣೆ ಕಿವಿ ಬದಲಾದ್ದರಿಂದಲೇ ಬಂದಿರಬಹುದು.

ಇದಕ್ಕೆ ಅಗ್ಗದ ಪರಿಹಾರವೆಂದರೆ ಇನ್ನೊಂದು ಕಿವಿ. ಇಬ್ಬರು ಸ್ವತಂತ್ರವಾಗಿ ಅಂಕ ಹಾಕಿ ಸರಾಸರಿ ತೆಗೆದರೆ ದೋಷ 10ರಿಂದ ಸುಮಾರು 7ಕ್ಕೆ, ಬೇಕಾದ ಅಂತರ 28ರಿಂದ ಸುಮಾರು 20 ಮಿ.ಮೀ.ಗೆ ಇಳಿಯುತ್ತದೆ. ಇನ್ನೂ ಹೆಚ್ಚು ಜನ ಸೇರಿದರೆ ಏನಾಗುತ್ತದೆಂದು ಸ್ಪಿಯರ್‌ಮನ್-ಬ್ರೌನ್ ಸೂತ್ರ ಹೇಳುತ್ತದೆ: ಒಬ್ಬರ ಐಸಿಸಿ 0.55 ಇದ್ದರೆ ಮೂವರ ಸರಾಸರಿಯದು 0.79, ಐವರದು 0.86. ಮೂರರವರೆಗೆ ಲಾಭ ದೊಡ್ಡದು, ಆಮೇಲೆ ನಿಧಾನ. ಇಬ್ಬರು ಸಿಗದ ಕಡೆ ಒಬ್ಬರೇ ಎರಡು ಬೇರೆ ದಿನ ಕೇಳಿ ಸರಾಸರಿ ಮಾಡಬಹುದು. ಅದು ಅವರ ಸ್ವಂತ ಅಲುಗಾಟವನ್ನು ತಗ್ಗಿಸುತ್ತದೆ, ಅವರ ಸ್ವಂತ ಪಕ್ಷಪಾತವನ್ನಲ್ಲ.

ಎಲ್ಲಕ್ಕಿಂತ ಉತ್ತಮವಾದದ್ದು, ಚಿಕಿತ್ಸೆಗೆ ಮುಂಚಿನ ಮತ್ತು ನಂತರದ ಮುದ್ರಣಗಳನ್ನು ಹೆಸರು ಮರೆಸಿ, ಒಂದೇ ಕೂತದಲ್ಲಿ, ಯಾವುದು ಮೊದಲಿನದೆಂದು ತಿಳಿಸದೆ ಒಬ್ಬರೇ ಕೇಳುವುದು. ಆ ರೋಗಿಗೆ ಚಿಕಿತ್ಸೆ ಕೊಟ್ಟವರು ಆ ಕೂತದಲ್ಲಿ ಅಂಕ ಹಾಕಬಾರದು. ಎಂಟು ವಾರ ಜೊತೆಗಿದ್ದು ಶ್ರಮಿಸಿದವರಿಗೆ ಸುಧಾರಣೆ ಕೇಳಿಸಿಯೇ ಕೇಳಿಸುತ್ತದೆ.

ಹಂತ 10: ದಾಖಲೆ ಮತ್ತು ಮರುಪರೀಕ್ಷೆ

ಕಡತದಲ್ಲಿ ‘ಒರಟುತನ 45’ ಎಂದಷ್ಟೇ ಬರೆಯದೆ, ಯಾವ ಪಟ್ಟಿ, ಸ್ವರದ ಮೇಲೋ ಮಾತಿನ ಮೇಲೋ, ಎದುರಿಗೆ ಕೇಳಿದ್ದೋ ಮುದ್ರಣದಿಂದಲೋ, ಎಷ್ಟು ಜನರ ಸರಾಸರಿ, ಘಟಕದ ಅಳತೆಯ ದೋಷ ಎಷ್ಟು ಎಂಬುದನ್ನು ಒಂದೇ ಸಾಲಿನಲ್ಲಿ ಸೇರಿಸಬೇಕು: ‘ಕೇಪ್-ವಿ, ಮಾತು, ಮುದ್ರಣ, ಇಬ್ಬರ ಸರಾಸರಿ, ಒರಟುತನ 45, ದೋಷ ±7 ಮಿ.ಮೀ.’ ಇನ್ನೊಂದು ಊರಿಗೆ ವರ್ಗವಾಗುವ ರೋಗಿಯ ಕಡತ ಓದುವವರಿಗೆ ಈ ಸಾಲಿನಿಂದ ಆಗುವ ಉಪಕಾರ ದೊಡ್ಡದು.

ಆರು ತಿಂಗಳಿಗೊಮ್ಮೆ ಅದೇ ಆಧಾರ ಮಾದರಿಗಳೊಂದಿಗೆ ಹತ್ತು ಹನ್ನೆರಡು ಹೊಸ ಧ್ವನಿ ಸೇರಿಸಿ ಪರೀಕ್ಷೆಯನ್ನು ಚಿಕ್ಕದಾಗಿ ಮತ್ತೆ ನಡೆಸಬೇಕು. ಯಾರಾದರೊಬ್ಬರ ಅಂಕಗಳು ಉಳಿದವರಿಗಿಂತ ಸತತವಾಗಿ ಮೇಲೋ ಕೆಳಗೋ ಇದ್ದರೆ ಆಧಾರ ಮಾದರಿಗಳನ್ನು ಮತ್ತೊಮ್ಮೆ ಕೇಳಿಸಿದರೆ ಸಾಕು, ಅದು ಬೇಗ ಸರಿಹೋಗುವ ದೋಷ. ಅಂಕಗಳು ಕ್ರಮವಿಲ್ಲದೆ ಚದುರಿದ್ದರೆ ವ್ಯಾಖ್ಯೆಯಿಂದಲೇ ಮತ್ತೆ ಶುರುಮಾಡಬೇಕು. ಹೊಸದಾಗಿ ಸೇರಿದವರು ಈ ಚಿಕ್ಕ ಪರೀಕ್ಷೆಯನ್ನು ಮುಗಿಸುವವರೆಗೆ ಅವರ ಅಂಕವನ್ನು ಬರೆದುಕೊಳ್ಳಬೇಕು, ಸರಾಸರಿಗೆ ಸೇರಿಸಬಾರದು.